ಬೇಲಿಯಿರುವ ಶಾಲೆ, ಬೇಲಿಯಿಲ್ಲದ ಶಾಲೆ

ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿಯ ಹಳಬರು ಯಾರದಾದರೂ ಪರಿಚಯವಾದ ಕೂಡಲೇ "ನೀವು ಓದಿದ್ದು ಎಲ್ಲಿ?" ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಹೈಸ್ಕೂಲಿನ ಹೆಸರು. ಕಾಲೇಜು ಎಲ್ಲಾದರೂ ಇರಲಿ. ಸೇಂಟ್ ಝೇವಿಯರ್, ಮೋಲರ್, ಎಲ್ಡರ್, ಲಾ ಸಾಲ್ ಎಂಬ ನಾಲ್ಕು ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆಗಳಲ್ಲಿ ಯಾವುದೆಂದು ತಿಳಿದರೆ ಸಾಕು, ಆ ಮನುಷ್ಯನ ಅಜ್ಜ ಊರಿನ ಯಾವ ಮಗ್ಗುಲಿನಲ್ಲಿದ್ದ, ಶುಕ್ರವಾರ ರಾತ್ರಿ ಇವನು ಯಾವ ಮೈದಾನದಲ್ಲಿ ಗಂಟಲು ಹರಿದುಕೊಳ್ಳುತ್ತಾನೆ ಎಂಬುದೆಲ್ಲ ತಿಳಿದುಹೋಗುತ್ತದೆ. ನಮ್ಮ ಕಡೆ ಮದುವೆಮನೆಯಲ್ಲಿ "ಯಾವ ಊರು, ಯಾರ ಪೈಕಿ?" ಎಂದು ವಿಚಾರಿಸಿದ ಹಾಗೆ.

ಇಂಥ ಊರಿನಲ್ಲಿ ಅಕ್ಟೋಬರ್ ಕೊನೆಗೆ ರಾಜ್ಯಮಟ್ಟದ ನಾಕೌಟ್ ಪಂದ್ಯಗಳು ಶುರುವಾದವೆಂದರೆ ಗ್ಯಾಲರಿಯಲ್ಲಿ ಒಂದೇ ದೂರು. ಖಾಸಗಿ ಶಾಲೆಗಳ ಎದುರು ನಮ್ಮ ಮಕ್ಕಳನ್ನು ಯಾಕೆ ನಿಲ್ಲಿಸಬೇಕು? ಅವರದೇ ಬೇರೆ ಟೂರ್ನಿ ಮಾಡಿಕೊಳ್ಳಲಿ!

ದೂರಿಗೆ ಬುಡವಿಲ್ಲ ಎನ್ನುವಂತಿಲ್ಲ. ಒಹಾಯೋ ಹೈಸ್ಕೂಲ್ ಅಥ್ಲೆಟಿಕ್ ಸಂಘದಲ್ಲಿ ಸುಮಾರು ಎಂಟುನೂರು ಶಾಲೆಗಳಿವೆ. ಅವುಗಳಲ್ಲಿ ಖಾಸಗಿಯವು ಆರನೇ ಒಂದು ಪಾಲಿನಷ್ಟು; ಟ್ರೋಫಿಗಳಲ್ಲಿ ಅವುಗಳ ಪಾಲು ಅದಕ್ಕಿಂತ ಎಷ್ಟೋ ಹೆಚ್ಚು. 1975ರಿಂದ 1980ರೊಳಗೆ ಮೋಲರ್ ಐದು ಬಾರಿ ದೊಡ್ಡ ಶಾಲೆಗಳ ವಿಭಾಗದ ಫುಟ್‌ಬಾಲ್ ಪ್ರಶಸ್ತಿ ಗೆದ್ದಿತು. (ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಈ ದೇಶದ ವಿಷಯದಲ್ಲಿ ಇನ್ನೂ ಅನೇಕ ಸಂಗತಿಗಳಿಗೆ ಹೊಂದಿಕೊಳ್ಳಬೇಕಾಗುತ್ತದೆ.) ಅದರ ಕೋಚ್ ಜೆರಿ ಫೌಸ್ಟ್ ಅಲ್ಲಿಂದ ನೇರವಾಗಿ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡಕ್ಕೆ ಹೋದರು. ಆಮೇಲೆ ಕ್ಲೀವ್‌ಲ್ಯಾಂಡಿನ ಸೇಂಟ್ ಇಗ್ನೇಷಿಯಸ್ ಕಾಲ ಬಂತು. 2021, 2022, 2023ರಲ್ಲಿ ಮೊದಲ ವಿಭಾಗದ ಕಪ್ಪನ್ನು ಸಾಲಾಗಿ ಮೂರು ವರ್ಷ ಒಯ್ದದ್ದು ಲೇಕ್‌ವುಡ್‌ನ ಸೇಂಟ್ ಎಡ್ವರ್ಡ್. ಎಲ್ಲವೂ ಕ್ಯಾಥೊಲಿಕ್ ಶಾಲೆಗಳೇ.

ಇದರಲ್ಲಿ ಮೋಸ ಎಲ್ಲಿದೆ? ಶಾಲೆಗಳನ್ನು ವಿಭಾಗಗಳಾಗಿ ಹಂಚುವುದು ಮಕ್ಕಳ ಸಂಖ್ಯೆಯ ಮೇಲೆ. ಇಷ್ಟು ಹುಡುಗರಿದ್ದರೆ ಮೊದಲ ವಿಭಾಗ, ಅದಕ್ಕಿಂತ ಕಡಿಮೆಯಿದ್ದರೆ ಎರಡನೆಯದು, ಹೀಗೆ. ಹೆಚ್ಚು ಮಕ್ಕಳಿದ್ದಲ್ಲಿ ಹೆಚ್ಚು ಆಟಗಾರರು ಸಿಗುತ್ತಾರೆ ಎಂಬ ಸಾಮಾನ್ಯ ತಿಳಿವಳಿಕೆ. ಆದರೆ ಸರ್ಕಾರಿ ಶಾಲೆಯ ನಾನೂರು ಹುಡುಗರು ಡಿಸ್ಟ್ರಿಕ್ಟ್ ಎಂದು ಇಲ್ಲಿ ಕರೆಯುವ ಶಾಲಾ ವ್ಯಾಪ್ತಿಯ ಗೆರೆಯೊಳಗೆ ಮನೆ ಇದ್ದ ಕಾರಣಕ್ಕೆ ಅಲ್ಲಿಗೆ ಬಂದವರು. ಖಾಸಗಿ ಶಾಲೆಯ ನಾನೂರು ಹುಡುಗರು ಮೂರು ನಾಲ್ಕು ಕೌಂಟಿಗಳಿಂದ (ನಮ್ಮ ಜಿಲ್ಲೆಗಳಿದ್ದ ಹಾಗೆ) ಆಯ್ದುಕೊಂಡು ಬಂದವರು. ಎರಡೂ ಕಡೆ ನಾನೂರೇ. ಒಂದು ಕಡೆಯದು ಸಂತೆಗೆ ಬಂದದ್ದೆಲ್ಲ, ಇನ್ನೊಂದು ಕಡೆಯದು ಸಂತೆಯಿಂದ ಆರಿಸಿ ತಂದದ್ದು.

ನನ್ನ ಮಗಳು ಸರ್ಕಾರಿ ಹೈಸ್ಕೂಲಿನ ವಾಲಿಬಾಲ್ ತಂಡದಲ್ಲಿದ್ದಾಳೆ. ಕಳೆದ ಟೂರ್ನಿಯಲ್ಲಿ ಅವರು ಒಂದು ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಗೆ ಮೂರು ನೇರ ಸೆಟ್‌ಗಳಲ್ಲಿ ಸೋತರು. ನೆಟ್ಟಿನ ಆಚೆ ನಿಂತಿದ್ದವರಲ್ಲಿ ಇಬ್ಬರು ಆರಡಿ ದಾಟಿದವರು. ನಮ್ಮವರು ಹೊಡೆದ ಚೆಂಡು ಅವರ ಅಂಗೈಗೆ ತಾಗಿ ನಮ್ಮವರ ಕಾಲ ಬುಡಕ್ಕೇ ಬೀಳುತ್ತಿತ್ತು. ಎರಡನೆಯ ಸೆಟ್ಟಿನ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ತಂದೆ, ಬಾಕಿ ಹೊತ್ತಿನಲ್ಲಿ ಬಹಳ ಸಂಭಾವಿತ ಮನುಷ್ಯ, ಎದ್ದು ನಿಂತು "ಎಷ್ಟು ಕೊಟ್ಟು ತಂದಿರಿ?" ಎಂದು ಕೂಗಿದ. ಆಚೆ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ತಿರುಗಿ ಅವನನ್ನೊಮ್ಮೆ ನೋಡಿ ಮತ್ತೆ ಪಾಪ್‌ಕಾರ್ನ್ ಪೊಟ್ಟಣಕ್ಕೆ ಕೈಹಾಕಿದರು. ಕಾರಿನಲ್ಲಿ ಮಗಳು ಹೇಳಿದ್ದು ಬೇರೆಯೇ: "ಅಪ್ಪಾ, ಆ ಇಬ್ಬರೂ ನನ್ನ ವಾಲಿಬಾಲ್ ಕ್ಲಬ್ಬಿನವರು. ನಮ್ಮ ಮನೆಯಿಂದ ಎರಡು ಮೈಲಿಯಲ್ಲೇ ಇದ್ದಾರೆ."

ಈ ಜಗಳಕ್ಕೆ ಒಂದೊಂದು ರಾಜ್ಯ ಒಂದೊಂದು ಮದ್ದು ಹುಡುಕಿಕೊಂಡಿದೆ. ಟೆಕ್ಸಸ್‌ನಲ್ಲಿ ಸರ್ಕಾರಿ ಶಾಲೆಗಳ ಸಂಘಕ್ಕೆ ಖಾಸಗಿಯವರಿಗೆ ಪ್ರವೇಶವೇ ಇಲ್ಲ, ಡಲ್ಲಸ್ ಮತ್ತು ಹ್ಯೂಸ್ಟನ್ನಿನ ಎರಡು ಜೆಸ್ವಿಟ್ ಶಾಲೆಗಳನ್ನು ಬಿಟ್ಟರೆ. ನ್ಯೂಜೆರ್ಸಿ ಎಲ್ಲರನ್ನೂ ಒಂದೇ ಸಂಘದಲ್ಲಿಟ್ಟುಕೊಂಡು ರಾಜ್ಯ ಪ್ರಶಸ್ತಿಗೆ ಮಾತ್ರ ಬೇರೆ ಪಂಕ್ತಿ ಹಾಕುತ್ತದೆ. ಇಲಿನಾಯ್ 2005ರಲ್ಲಿ ಗುಣಾಕಾರಕ್ಕೆ ಕೈಹಾಕಿತು: ಗಡಿಯಿಲ್ಲದ ಶಾಲೆಯ ಮಕ್ಕಳ ಸಂಖ್ಯೆಯನ್ನು 1.65ರಿಂದ ಗುಣಿಸು, ಬಂದ ಉತ್ತರದ ಪ್ರಕಾರ ವಿಭಾಗ ನಿರ್ಧರಿಸು. ಸಾವಿರ ಮಕ್ಕಳಿದ್ದರೆ ಕಾಗದದ ಮೇಲೆ 1,650. ಅವರು "ಖಾಸಗಿ" ಎನ್ನದೆ "ಗಡಿಯಿಲ್ಲದ" ಎಂದದ್ದು ನನಗೆ ಮೆಚ್ಚುಗೆಯಾಯಿತು. ನಗರದ ಎಲ್ಲ ಮೂಲೆಗಳಿಂದ ಮಕ್ಕಳನ್ನು ಆಯ್ದುಕೊಳ್ಳುವ ಸರ್ಕಾರಿ ಮ್ಯಾಗ್ನೆಟ್ ಶಾಲೆಯೂ ಆ ಬಲೆಯಲ್ಲಿ ಬೀಳುತ್ತದೆ.

ಟೆನೆಸೀಯಲ್ಲಿ ಮಾತ್ರ ವಿಷಯ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಒಂದಲ್ಲ ಎರಡು ಸಲ. ನ್ಯಾಶ್‌ವಿಲ್ ಹೊರವಲಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಫುಟ್‌ಬಾಲ್ ಕೋಚ್ 1997ರಲ್ಲಿ ಎಂಟನೇ ತರಗತಿಯ ಹನ್ನೆರಡು ಹುಡುಗರಿಗೆ ಒಂದು ಪತ್ರ ಬರೆದರು. ಹುಡುಗರೆಲ್ಲ ಮುಂದಿನ ವರ್ಷಕ್ಕೆ ಆ ಶಾಲೆಗೆ ಸೇರಲು ಆಗಲೇ ಸಹಿ ಹಾಕಿದ್ದವರು. ವಸಂತದ ಅಭ್ಯಾಸಕ್ಕೆ ಬನ್ನಿ, ಬೇಗ ಬಂದಷ್ಟೂ ನಿಮಗೇ ಅನುಕೂಲ ಎಂಬರ್ಥದ ಪತ್ರ. ಕೊನೆಗೆ "ನಿಮ್ಮ ಕೋಚ್" ಎಂದು ಸಹಿ. ಆಟಕ್ಕಾಗಿ ಮಕ್ಕಳನ್ನು ಸೆಳೆಯಬಾರದೆಂಬ ನಿಯಮ ಮುರಿದಿದೆ ಎಂದು ರಾಜ್ಯದ ಶಾಲಾ ಕ್ರೀಡಾ ಸಂಘ 3,000 ಡಾಲರ್ ದಂಡ ಹಾಕಿ, ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಎರಡು ವರ್ಷ ನಾಕೌಟ್ ಪಂದ್ಯಗಳಿಂದ ಹೊರಗಿಟ್ಟಿತು. ಶಾಲೆ ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಮೊಕದ್ದಮೆ ಹೂಡಿತು. 2001ರಲ್ಲಿ ನ್ಯಾಯಾಲಯ 5–4 ಬಹುಮತದಿಂದ, ಇಂಥ ಸಂಘ ಸರ್ಕಾರದ ಅಂಗದಂತೆಯೇ ವರ್ತಿಸುತ್ತದೆ, ಆದ್ದರಿಂದ ಸಂವಿಧಾನಕ್ಕೆ ಉತ್ತರ ಹೇಳಬೇಕು ಎಂದಿತು. 2007ರಲ್ಲಿ ಅದೇ ನ್ಯಾಯಾಲಯ, ಸಂಘಕ್ಕೆ ಸೇರಿದ ಮೇಲೆ ಸಂಘದ ನಿಯಮ ಪಾಲಿಸಬೇಕು, ಆ ಪತ್ರಕ್ಕೆ ಶಿಕ್ಷೆ ಕೊಟ್ಟದ್ದು ಸರಿ ಎಂದಿತು. ಹನ್ನೆರಡು ಪತ್ರಗಳಿಗೆ ಹತ್ತು ವರ್ಷ. ಆ ಹೊತ್ತಿಗೆ ಪತ್ರ ಪಡೆದ ಹುಡುಗರಿಗೆ ಇಪ್ಪತ್ತನಾಲ್ಕರ ಆಸುಪಾಸು ವಯಸ್ಸು.

ಒಹಾಯೋದವರು ಅಷ್ಟು ದೂರ ಹೋಗಲಿಲ್ಲ, ಮತಪೆಟ್ಟಿಗೆಯಲ್ಲೇ ಕಾದಾಡಿದರು. ಪ್ರತಿ ಶಾಲೆಯ ಪ್ರಾಂಶುಪಾಲರಿಗೆ ಒಂದು ಮತ. ಖಾಸಗಿ ಶಾಲೆಗಳನ್ನು ಬೇರ್ಪಡಿಸುವ ಪ್ರಸ್ತಾವ 1978ರಲ್ಲೂ 1993ರಲ್ಲೂ ಬಿದ್ದುಹೋಗಿತ್ತು. ಬೇರ್ಪಡಿಸುವ ಬದಲು ಲೆಕ್ಕ ಸರಿಪಡಿಸೋಣ ಎಂಬ ಪ್ರಸ್ತಾವ 2011, 2012, 2013ರಲ್ಲಿ ಸ್ವಲ್ಪದರಲ್ಲೇ ಸೋತು, 2014ರಲ್ಲಿ ಗೆದ್ದು, 2017–18ರಿಂದ ಜಾರಿಗೆ ಬಂತು. ಇಡೀ ಶಾಲೆಯನ್ನು ಗುಣಿಸುವ ಬದಲು ತಂಡದ ಪಟ್ಟಿಯಲ್ಲಿರುವ ಒಬ್ಬೊಬ್ಬ ಆಟಗಾರನನ್ನೂ ನೋಡುವ ಪದ್ಧತಿ ಇದು. ತಂದೆತಾಯಿಯ ಮನೆ ಗಡಿಯೊಳಗಿದೆಯೇ, ಏಳನೇ ತರಗತಿಯಿಂದ ಇದೇ ವ್ಯವಸ್ಥೆಯಲ್ಲಿ ಓದಿದ್ದಾನೆಯೇ ಎಂದು ಕೇಳಿ, ಹೊರಗಿನವನಾದರೆ ಶಾಲೆಯ ಸಂಖ್ಯೆಗೆ ಹೆಚ್ಚುವರಿ ಅಂಕಿ ಕೂಡಿಸುತ್ತಾರೆ. ಖಾಸಗಿಗೂ ಇದೇ, ಸರ್ಕಾರಿಗೂ ಇದೇ.

ನನ್ನ ಸಹೋದ್ಯೋಗಿಯೊಬ್ಬರ ಪತಿ ಇಲ್ಲಿಂದ ಒಂದು ಗಂಟೆ ದೂರದ ಹಳ್ಳಿಗಾಡಿನ ಸರ್ಕಾರಿ ಶಾಲೆಯಲ್ಲಿ ಕ್ರೀಡೆಗಳ ಮೇಲ್ವಿಚಾರಕರು. ಹೆಸರಿನ ಕಾಲಂ ಮುಚ್ಚಿ ತಮ್ಮ ಪಟ್ಟಿಯನ್ನು ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದರು. ಸಾಲು ಸಾಲಾಗಿ ಸೊನ್ನೆಗಳು. ನಡುವೆ ಒಂದು ಸಾಲಿನಲ್ಲಿ ಸೊನ್ನೆಯಲ್ಲದ ಅಂಕಿ. "ಇವಳು ಪಕ್ಕದ ಡಿಸ್ಟ್ರಿಕ್ಟಿನವಳು. ತಾಯಿಗೆ ನಮ್ಮ ಊರಿನ ವೃದ್ಧಾಶ್ರಮದಲ್ಲಿ ಕೆಲಸ. ಬೆಳಗ್ಗೆ ಡ್ಯೂಟಿಗೆ ಬರುವಾಗ ಮಗಳನ್ನು ಇಲ್ಲಿ ಬಿಟ್ಟು ಹೋಗುತ್ತಾಳೆ. ಎಂಟನೇ ತರಗತಿಯಲ್ಲಿ ಬಂದಳು. ಹುಡುಗಿ ಇಡೀ ಸೀಸನ್ ಬೆಂಚಿನ ಮೇಲೆ ಕೂತಿದ್ದಳು. ಆದರೂ ಲೆಕ್ಕಕ್ಕೆ ಸಿಗುತ್ತಾಳೆ" ಎಂದರು. ಸಿಟ್ಟೇನೂ ಇರಲಿಲ್ಲ ಅವರ ದನಿಯಲ್ಲಿ. ಮಳೆ ಲೆಕ್ಕ ಹೇಳುವ ರೈತನ ಹಾಗೆ ಹೇಳಿದರು.

ಆ ಹುಡುಗಿ ಬಂದ ದಾರಿಯ ಹೆಸರು ಓಪನ್ ಎನ್ರೋಲ್‌ಮೆಂಟ್, ಮುಕ್ತ ಪ್ರವೇಶ. ಗ್ಯಾಲರಿಯ ಜಗಳದಲ್ಲಿ ಇದರ ಹೆಸರು ಬರುವುದು ಅಪರೂಪ, ಬರಬೇಕಾದದ್ದು ಇದೇ. ಮಿನ್ನೆಸೋಟ 1988ರಲ್ಲಿ ಇಡೀ ರಾಜ್ಯಕ್ಕೆ ಈ ಪದ್ಧತಿ ತಂದಿತು. ಮರುವರ್ಷ ಒಹಾಯೋ ಕಾನೂನು ಮಾಡಿತು. ಒಹಾಯೋದಲ್ಲಿ ಬಾಗಿಲು ತೆರೆಯುವುದು ಬಿಡುವುದು ಆಯಾ ಡಿಸ್ಟ್ರಿಕ್ಟಿನ ಇಷ್ಟ. ಯಾರಿಗೂ ಇಲ್ಲ ಎನ್ನಬಹುದು, ಅಕ್ಕಪಕ್ಕದವರಿಗೆ ಮಾತ್ರ ಎನ್ನಬಹುದು, ರಾಜ್ಯದ ಯಾರಾದರೂ ಬನ್ನಿ ಎನ್ನಬಹುದು. ಫ್ಲಾರಿಡಾ 2016ರ ಕಾನೂನಿನಲ್ಲಿ ಇನ್ನೂ ಮುಂದೆ ಹೋಗಿ, ಜಾಗವಿದ್ದ ಯಾವ ಸರ್ಕಾರಿ ಶಾಲೆಗೂ ಸೇರಬಹುದು, ಸೇರಿದ ತಕ್ಷಣ ಆಡಲೂಬಹುದು ಎಂದುಬಿಟ್ಟಿತು. ಹಾಗಾದರೆ ಅಲ್ಲಿನ ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ, ಮೈದಾನದ ಮಟ್ಟಿಗಾದರೂ, ಏನು ಅಂತರ ಉಳಿಯಿತು?

ಒಹಾಯೋದಲ್ಲಿ ಬಾಗಿಲು ತೆರೆದವರು ಯಾರು, ಮುಚ್ಚಿದವರು ಯಾರು ಎಂದು ನೋಡಿದರೆ ವಿಷಯ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ತೆರೆದವರು ಬಹುಪಾಲು ಹಳ್ಳಿಗಳೂ ಸಣ್ಣ ಪಟ್ಟಣಗಳೂ. ಕಾರ್ಖಾನೆ ಮುಚ್ಚಿ, ಜನ ಊರು ಬಿಟ್ಟು, ತರಗತಿ ಖಾಲಿಯಾದ ಕಡೆ ಹೊರಗಿನ ಮಗು ಬಂದರೆ ಅದರ ಪಾಲಿನ ರಾಜ್ಯದ ಹಣವೂ ಬರುತ್ತದೆ. 2021ರವರೆಗೆ ಆ ಹಣ ಮಗು ಬಿಟ್ಟುಬಂದ ಡಿಸ್ಟ್ರಿಕ್ಟಿನ ಖಾತೆಯಿಂದ ಕಡಿತವಾಗುತ್ತಿತ್ತು. ಆಮೇಲೆ ಓದುವ ಕಡೆಗೇ ನೇರವಾಗಿ ಸಂದಾಯವಾಗುವಂತೆ ಬದಲಾಯಿಸಿದರು. ಮುಚ್ಚಿದವರು? ದೊಡ್ಡ ನಗರಗಳನ್ನು ಉಂಗುರದಂತೆ ಸುತ್ತುವರಿದ ಉಳ್ಳವರ ಉಪನಗರಗಳು. ಹಾಗಾಗಿ ನಗರದ ನಡುವಿನ ಬಡ ಹುಡುಗನಿಗೆ ಮುಕ್ತ ಪ್ರವೇಶ ಎಂಬುದು ಕಾನೂನಿನಲ್ಲಿದೆ, ಬಸ್ಸು ಹೋಗುವಷ್ಟು ದೂರದಲ್ಲಿ ಇಲ್ಲ.

ಆ ಉಂಗುರದಲ್ಲೇ ನಮ್ಮವರ ಮನೆಗಳಿರುವುದು. ಕನ್ನಡ ಸಂಘದ ಯಾವ ಸಮಾರಂಭಕ್ಕೆ ಹೋದರೂ ಹೊಸದಾಗಿ ಬಂದವರ ಮೊದಲ ವಿಚಾರಣೆ ಶಾಲೆಯ ರೇಟಿಂಗ್ ಬಗ್ಗೆ. ಮನೆಯ ಬೆಲೆ, ಕೆಲಸದ ದೂರ, ದಿಕ್ಕು ವಾಸ್ತು ಎಲ್ಲ ಆಮೇಲೆ. ರಸ್ತೆಯ ಈಚೆ ಬದಿಯ ಮನೆಗೂ ಆಚೆ ಬದಿಯ ಮನೆಗೂ ಬೆಲೆಯಲ್ಲಿ ಅಜಗಜಾಂತರ. ನಡುವೆ ಡಿಸ್ಟ್ರಿಕ್ಟಿನ ಗೆರೆ ಹಾದುಹೋಗಿರುತ್ತದೆ, ಅಷ್ಟೇ. ಯುಗಾದಿ ಊಟದ ಸಾಲಿನಲ್ಲಿ ಹೋಳಿಗೆಗೆ ಕಾಯುತ್ತಿದ್ದಾಗ ಮೈಸೂರಿನ ಗೆಳೆಯರೊಬ್ಬರು ಮಗನನ್ನು ಸಾಕರ್‌ಗಾಗಿ ಕ್ಯಾಥೊಲಿಕ್ ಶಾಲೆಗೆ ಸೇರಿಸಿದ ಸುದ್ದಿ ತೆಗೆದರು. ಪಕ್ಕದಲ್ಲಿದ್ದವರು ಯಾರೋ, "ಏನು ಸಾರ್, ನೀವೂ ಆ ಕಡೆ ಹೋಗಿಬಿಟ್ಟಿರಾ?" ಎಂದು ಛೇಡಿಸಿದರು. ಅವರು ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನನ್ನ ಕಡೆಗೇ ತಿರುಗಿದರು: "ನೀವು ಶಾಲೆಗೋಸ್ಕರ ಮನೆ ಕೊಂಡಿರಿ, ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದೀರಿ. ನಾನು ಇದ್ದ ಮನೆಯಲ್ಲೇ ಇದ್ದು ಶಾಲೆಗೆ ಫೀಸು ಕಟ್ಟುತ್ತಿದ್ದೇನೆ. ನಿಮ್ಮದು ಹೇಗೆ ಸರ್ಕಾರಿ ಆಯಿತು, ನನ್ನದು ಹೇಗೆ ಖಾಸಗಿ ಆಯಿತು, ಸ್ವಲ್ಪ ಬಿಡಿಸಿ ಹೇಳಿ."

ಬಿಡಿಸಿ ಹೇಳುವುದು ಕಷ್ಟ. ಒಹಾಯೋದ ಪಟ್ಟಿಯಲ್ಲಿ ನನ್ನ ಮಗಳು ಸೊನ್ನೆ. ಗಡಿಯೊಳಗಿನ ಮನೆ, ಏಳನೇ ತರಗತಿಯಿಂದ ಒಂದೇ ಡಿಸ್ಟ್ರಿಕ್ಟ್. ವೃದ್ಧಾಶ್ರಮದ ಆಯಾಳ ಮಗಳಿಗೆ ಮಾತ್ರ ಅಂಕಿ ಬೀಳುತ್ತದೆ. ಹೊರಗಿನಿಂದ ಬಂದವರನ್ನು ಎಣಿಸುವ ಈ ಪದ್ಧತಿಯನ್ನು ನಾನು ಮೆಚ್ಚುತ್ತೇನೆ, ಶಾಲೆಯ ಬೋರ್ಡು ನೋಡಿ ತೀರ್ಪು ಕೊಡುವುದಕ್ಕಿಂತ ಎಷ್ಟೋ ವಾಸಿ. ಆದರೆ ದುಡ್ಡು ಕೊಟ್ಟು ಒಳಗಿನವರಾದವರನ್ನು ಅದು ಕಾಣುವುದೇ ಇಲ್ಲ. 2024ರ ಡಿಸೆಂಬರಿನಲ್ಲಿ ಮೊದಲ ವಿಭಾಗದ ಫುಟ್‌ಬಾಲ್ ಫೈನಲ್ಲಿನಲ್ಲಿ ಮೋಲರನ್ನು ಸೋಲಿಸಿದ್ದು ಒಲೆಂಟಾಂಜಿ ಲಿಬರ್ಟಿ ಎಂಬ ಸರ್ಕಾರಿ ಶಾಲೆ. ಸರ್ಕಾರಿ ಶಾಲೆಗಳ ಕಡೆಯ ನಮ್ಮವರೆಲ್ಲ ಸಂಭ್ರಮಿಸಿದರು. ಕೊಲಂಬಸ್ಸಿನ ಉತ್ತರಕ್ಕಿರುವ ಆ ಡಿಸ್ಟ್ರಿಕ್ಟ್ ರಾಜ್ಯದ ಸ್ಥಿತಿವಂತ ಪ್ರದೇಶಗಳಲ್ಲಿ ಒಂದು ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಇನ್ನು ಖಾಸಗಿ ಶಾಲೆ ಎಂದರೆ ಸಾಹುಕಾರರ ಮಕ್ಕಳದು ಎಂಬ ಮಾತು. ಈ ರಾಜ್ಯ ಕಂಡ ಅತಿ ದೊಡ್ಡ ಹೈಸ್ಕೂಲ್ ಆಟಗಾರ ಆ ಮಾತನ್ನು ಸುಳ್ಳು ಮಾಡಿದವನು. ಬ್ಯಾಸ್ಕೆಟ್‌ಬಾಲ್ ಆಟಗಾರ, ಆಕ್ರನ್‌ನ ಲೆಬ್ರಾನ್ ಜೇಮ್ಸ್ ಒಂಟಿ ತಾಯಿಯ ಜೊತೆ ಮನೆಯಿಂದ ಮನೆಗೆ ಅಲೆದು ಬೆಳೆದ ಹುಡುಗ. ಅವನೂ ಅವನ ಗೆಳೆಯರೂ ಹತ್ತಿರದ ಸರ್ಕಾರಿ ಬುಕ್ಟೆಲ್ ಹೈಸ್ಕೂಲಿಗೆ ಹೋಗುತ್ತಾರೆಂದು ಎಲ್ಲರೂ ಎಣಿಸಿದ್ದರು. ಅವರು ಕೂಡಿಕೊಂಡು ಸೇಂಟ್ ವಿನ್ಸೆಂಟ್–ಸೇಂಟ್ ಮೇರಿ ಎಂಬ ಕ್ಯಾಥೊಲಿಕ್ ಶಾಲೆಗೆ ಹೋದರು. 2000, 2001, 2003ರಲ್ಲಿ ಆ ಶಾಲೆ ರಾಜ್ಯ ಪ್ರಶಸ್ತಿ ಗೆದ್ದಿತು. ನಡುವಿನ 2002ರ ಫೈನಲ್ಲಿನಲ್ಲಿ ಅವರನ್ನು ತಡೆದದ್ದು ನಮ್ಮೂರಿನ ರೋಜರ್ ಬೇಕನ್, ಅದೂ ಕ್ಯಾಥೊಲಿಕ್ ಶಾಲೆಯೇ. ಆ ಗೆಳೆಯರ ಗುಂಪು ಬಂದದ್ದು ಆಟಕ್ಕಾಗಿಯೇ ಎಂದು ಗೊಣಗಿದವರು ಆಗಲೂ ಇದ್ದರು. ಬಂದದ್ದು ಹೌದು. ಅವನಿಗೆ ಆ ಬಾಗಿಲು ಮುಚ್ಚಬೇಕಿತ್ತೇ? ಬಾಗಿಲು ತೆರೆದದ್ದರಿಂದ ಬುಕ್ಟೆಲ್‌ಗೆ ನಷ್ಟವಾಯಿತು ಎಂಬುದೂ ಸತ್ಯವೇ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ತೀರ್ಪು ಕೊಡಬಲ್ಲ ನಿಯಮ ಪುಸ್ತಕವನ್ನು ನಾನು ಕಂಡಿಲ್ಲ. 2023ರಲ್ಲಿ ಒಹಾಯೋ ತನ್ನ ವೌಚರ್ ಯೋಜನೆಯನ್ನು ಎಲ್ಲ ಕುಟುಂಬಗಳಿಗೂ ವಿಸ್ತರಿಸಿದ ಮೇಲಂತೂ, ಖಾಸಗಿ ಶಾಲೆಯ ಫೀಸಿನ ಒಂದು ಪಾಲು ನನ್ನ ತೆರಿಗೆಯಿಂದಲೇ ಹೋಗುತ್ತಿದೆ.

ಊರಿನ ಕಡೆ ಈ ಜಗಳ ಇಷ್ಟು ಬೆಳೆದಿಲ್ಲ, ಬೆಳೆಯಲು ಕಾರಣಗಳು ಬೇಕಾದಷ್ಟಿದ್ದರೂ. ನಾನು ಓದಿದ್ದು ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ. ಇಲಾಖೆಯ ಕ್ರೀಡಾಕೂಟ ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ವಯಸ್ಸಿನ ಗೆರೆ ಬಿಟ್ಟರೆ ಶಾಲೆ ದೊಡ್ಡದೋ ಚಿಕ್ಕದೋ, ಯಾರದೋ ಎಂಬ ಗೆರೆಯಿಲ್ಲ. ದೈಹಿಕ ಶಿಕ್ಷಕರೇ ಇಲ್ಲದ ಶಾಲೆಯ ಹುಡುಗ ಬರಿಗಾಲಿನಲ್ಲಿ, ಹಾಸ್ಟೆಲ್ಲೂ ಕೋಚೂ ಇರುವ ಖಾಸಗಿ ಶಾಲೆಯ ಹುಡುಗ ಸ್ಪೈಕ್ಸ್ ಹಾಕಿಕೊಂಡು, ಒಂದೇ ಸುಣ್ಣದ ಗೆರೆಯ ಹಿಂದೆ ನಿಲ್ಲುತ್ತಾರೆ. ಬಡ ಮನೆಯ ಓಟಗಾರರನ್ನು ಖಾಸಗಿ ಸಂಸ್ಥೆಗಳು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲ ಉಚಿತವಾಗಿ ಕೊಡುತ್ತವೆ. ಪತ್ರಿಕೆಗಳು ಅದನ್ನು ಹೊಗಳುತ್ತವೆ, ಹೊಗಳತಕ್ಕದ್ದೇ. ಸರ್ಕಾರವೂ ತನ್ನ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ನಡೆಸಿಯೇ ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಒಹಾಯೋದಲ್ಲಿ ಆಟದ ಪ್ರತಿಭೆ ನೋಡಿ ಫೀಸು ಬಿಟ್ಟರೆ ಅಪರಾಧ. ಒಂದೇ ಕೆಲಸಕ್ಕೆ ಅಲ್ಲಿ ಶಾಲು ಹೊದಿಸುತ್ತಾರೆ, ಇಲ್ಲಿ ನೋಟಿಸ್ ಕೊಡುತ್ತಾರೆ. ಬಡತನದ ಊರಿನಲ್ಲಿ ಬೆಳೆದ ನನಗೆ ಶಾಲು ಹೊದಿಸುವವರ ಪಕ್ಷವೇ ಹಿತ. ಆದರೆ ಹಾಗೆ ಆರಿಸಿ ಬೆಳೆಸಿದ ಹುಡುಗನನ್ನು ಹೋಬಳಿ ಕೂಟದಲ್ಲಿ ಬರಿಗಾಲಿನವನ ಪಕ್ಕ ನಿಲ್ಲಿಸುವುದರಲ್ಲಿ ಏನು ಪುರುಷಾರ್ಥವಿದೆಯೋ ತಿಳಿಯದು.

ಬೇರೆ ಟೂರ್ನಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಾನು ಟೆಕ್ಸಸ್ ತೋರಿಸುತ್ತೇನೆ. ಖಾಸಗಿ ಶಾಲೆಗಳನ್ನು ಬಾಗಿಲಲ್ಲೇ ತಡೆದ ಆ ರಾಜ್ಯದಲ್ಲಿ ಡಲ್ಲಸ್ ಬಳಿಯ ಆಲನ್ ಎಂಬ ಉಪನಗರದ ಶಾಲಾ ಡಿಸ್ಟ್ರಿಕ್ಟ್ 2012ರಲ್ಲಿ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರುವ ಫುಟ್‌ಬಾಲ್ ಕ್ರೀಡಾಂಗಣ ಕಟ್ಟಿತು. ಹೈಸ್ಕೂಲಿಗೆ! ಎರಡು ವರ್ಷಕ್ಕೆ ಕಾಂಕ್ರೀಟು ಬಿರುಕು ಬಿಟ್ಟು ಒಂದಿಷ್ಟು ಕಾಲ ಬೀಗ ಹಾಕಿದ್ದು ಬೇರೆ ಕತೆ. ಅಲ್ಲಿಯ ಗ್ಯಾಲರಿಗಳಲ್ಲಿ ಖಾಸಗಿ ಶಾಲೆ ಎಂಬ ಮಾತಿನ ಜಾಗದಲ್ಲಿ ಶ್ರೀಮಂತ ಉಪನಗರ ಎಂಬ ಮಾತಿರುತ್ತದೆ, ದೂರು ಅದೇ.

ಹೆಚ್ಚು ಕೆಲಸಕ್ಕೆ ಬರುವ ಯೋಚನೆ ಈ ದೇಶದ ಪಶ್ಚಿಮ ಕರಾವಳಿಯಿಂದ ಬಂದಿದೆ ಎಂದು ನನ್ನ ಎಣಿಕೆ. ವಾಷಿಂಗ್ಟನ್ ರಾಜ್ಯದಲ್ಲಿ 2020ರಿಂದ, ಉಚಿತ ಅಥವಾ ರಿಯಾಯಿತಿ ಊಟ ಪಡೆಯುವ ಮಕ್ಕಳು ರಾಜ್ಯದ ಸರಾಸರಿಗಿಂತ ಹೆಚ್ಚಿರುವ ಶಾಲೆಗೆ ಅದರ ಸಂಖ್ಯೆಯನ್ನು ಇಳಿಸಿ ಲೆಕ್ಕ ಹಾಕುತ್ತಾರೆ. ಮಿನ್ನೆಸೋಟದಲ್ಲೂ ಅಂಥ ಕಳೆಯುವ ಲೆಕ್ಕವಿದೆ. ಸಂಜೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗಬೇಕಾದ ಹುಡುಗ, ತಮ್ಮನನ್ನು ನೋಡಿಕೊಳ್ಳಲು ಮನೆಗೆ ಓಡಬೇಕಾದ ಹುಡುಗಿ ಹಾಜರಿ ಪುಸ್ತಕದಲ್ಲಿರುತ್ತಾರೆ, ಅಭ್ಯಾಸಕ್ಕೆ ಬರಲಾರರು ಎಂಬುದನ್ನು ಆ ಲೆಕ್ಕ ಒಪ್ಪಿಕೊಳ್ಳುತ್ತದೆ. ಇದು ಕೂಡ ಶಾಲೆಯ ಹೊರಗೆ ಫೀಸು ಕಟ್ಟಿ ಆಡುವ ಕ್ಲಬ್ ಆಟವನ್ನು ಮುಟ್ಟುವುದಿಲ್ಲ, ಅದು ನನಗೆ ಗೊತ್ತು. ಶಾಲೆಯ ವಾಲಿಬಾಲ್ ಆಗಸ್ಟಿನಿಂದ ನವೆಂಬರಿಗೆ ಮುಗಿಯುತ್ತದೆ. ಮಿಕ್ಕ ತಿಂಗಳು ಮಗಳನ್ನು ವಾರಾಂತ್ಯಗಳಲ್ಲಿ ಇಂಡಿಯಾನಾಪೊಲಿಸ್‌ಗೋ ಲೂಯಿವಿಲ್‌ಗೋ ಕರೆದುಕೊಂಡು ಹೋಗುತ್ತೇವೆ. ಕ್ಲಬ್ಬಿನ ಫೀಸು, ಹೋಟೆಲು, ಪೆಟ್ರೋಲು ಸೇರಿ ವರ್ಷಕ್ಕೆ ಸಾವಿರಗಟ್ಟಲೆ ಡಾಲರ್. ನಮ್ಮನ್ನು ಸೋಲಿಸಿದ ಆ ಇಬ್ಬರು ಹುಡುಗಿಯರೂ ಅಲ್ಲೇ ಕಲಿತವರು. ವೃದ್ಧಾಶ್ರಮದ ಆಯಾಳ ಮಗಳನ್ನು ಅಲ್ಲಿ ಕಾಣುವುದಿಲ್ಲ.

ಒಹಾಯೋದಲ್ಲಿ ನಿಯಮ ತಿದ್ದುಪಡಿಗೆ ಮತದಾನ ನಡೆಯುವುದು ಮೇ ತಿಂಗಳಲ್ಲಿ. ಮತ ಪೋಷಕರದಲ್ಲ, ಪ್ರಾಂಶುಪಾಲರದು. ಮಗಳ ಶಾಲೆಯ ಪ್ರಾಂಶುಪಾಲರಿಗೆ ಒಂದು ಇಮೇಲ್ ಬರೆದಿದ್ದೇನೆ: ಎಲ್ಲರೂ ಒಂದೇ ಟೂರ್ನಿಯಲ್ಲಿ ಆಡಲಿ, ಮಗುವಾರು ಲೆಕ್ಕ ಈಗಿನಂತೆ ಇರಲಿ, ಅದರ ಜೊತೆಗೆ ವಾಷಿಂಗ್ಟನ್ನಿನವರ ಉಚಿತ ಊಟದ ಲೆಕ್ಕವನ್ನೂ ಸೇರಿಸುವ ಪ್ರಸ್ತಾವ ಬಂದರೆ ಬೆಂಬಲಿಸಿ ಎಂದು. ಅದರಿಂದ ನಮ್ಮ ಶಾಲೆಗೆ ಕಿಂಚಿತ್ತೂ ಲಾಭವಿಲ್ಲ, ನಮಗಿಂತ ಬಡ ಶಾಲೆಗಳು ಒಂದು ಮೆಟ್ಟಿಲು ಕೆಳಗಿನ ವಿಭಾಗಕ್ಕೆ ಹೋಗಿ ಕಪ್ಪು ಗೆಲ್ಲಬಹುದು ಎಂಬುದನ್ನೂ ಬಚ್ಚಿಡದೆ ಬರೆದಿದ್ದೇನೆ.